ನಾಲ್ಕು ಟಿಕೆಟ್ಟು, ಐದು ತಲೆ

ಮೂವತ್ತೊಂದು ವರ್ಷ ನಾನು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್ ಮಾಡಿದವನು. ಮೈಸೂರು, ನಂಜನಗೂಡು, ಹುಣಸೂರು ಕಡೆಯ ರೂಟುಗಳು. ನಡುದಾರಿಯಲ್ಲಿ ಕೈ ಅಡ್ಡ ಹಾಕಿ ಬಸ್ ನಿಲ್ಲಿಸೋದು, ಹತ್ತೋದು, ಮೊದಲು ತಲೆ ಎಣಿಸೋದು, ಆಮೇಲೆ ಟಿಕೆಟ್ ಎಣಿಸೋದು. ಎರಡೂ ತಾಳೆಯಾದರೆ ಸುಮ್ಮನೆ ಇಳಿದು ಹೋಗೋದು. ಆಗಲಿಲ್ಲ ಅಂದರೆ ಒಳಗೆ ಒಬ್ಬ ಕಳ್ಳ ಇದ್ದಾನೆ ಅಂತ ಅರ್ಥ. ರಿಟೈರ್ ಆಗಿ, ಹೆಂಡತಿಯ ಜೊತೆ ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ಗೆ ಮಗಳ ಮನೆಗೆ ಬಂದು ಇಷ್ಟು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ. ದೇವಸ್ಥಾನದ ಪ್ರಸಾದದ ಸಾಲಿನಲ್ಲೂ ತಲೆ ಎಣಿಸ್ತೀನಿ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ನನ್ನ ಹೆಂಡತಿ ಗೊಣಗ್ತಾಳೆ.

ಮನೆಯಲ್ಲಿ ಐದು ತಲೆ. ನಾನು, ನನ್ನ ಹೆಂಡತಿ, ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು. ಮಗಳು ಇದೇ ಊರಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ರಿಸರ್ಚ್ ಮಾಡ್ತಾಳೆ. ಅಳಿಯ ಗಣಿ ಕಂಪನಿಯೊಂದರಲ್ಲಿ ಇಂಜಿನಿಯರು, ಕೆಲಸ ಪರ್ತ್‌ನಲ್ಲಿ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಮಗ ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿದ್ದಾನೆ, ಅವನದು ಬೇರೆ ಸಂಸಾರ, ಈ ಎಣಿಕೆಗೆ ಬರಲ್ಲ.

ಹೋದ ಏಪ್ರಿಲ್‌ನಲ್ಲಿ ಮಗಳು ಬಂದು, ಜುಲೈನಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಒಂದು ಕಾನ್ಫರೆನ್ಸ್ ಇದೆ, ಈ ಸಲ ಮನೆಯವರೂ ಬನ್ನಿ ಅಂದಳು. ಇಲ್ಲಿ ಚಳಿ, ಸ್ಕೂಲಿಗೆ ರಜ. ಅಲ್ಲಿ ಬೇಸಿಗೆ. ಒಂದು ದಿನ ಬೆಳಿಗ್ಗೆ ರೈಲಲ್ಲಿ ಹೋಗಿ ರಾತ್ರಿ ವಾಪಸ್ ಬರೋ ಹಾಗೆ ಬಾಲಾಟನ್ ಅನ್ನೋ ಸರೋವರ ನೋಡೋಣ ಅಂದಳು.

"ಕೆರೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಮನೆ ಹಿಂದೇನೇ ಇದೆಯಲ್ಲ, ಬಾತುಕೋಳಿ ಸಮೇತ," ಅಂದೆ.

"ಅಪ್ಪ, ಅದರ ದಕ್ಷಿಣದ ದಡದಲ್ಲಿ ನೀರೊಳಗೆ ಎಷ್ಟು ದೂರ ನಡ್ಕೊಂಡು ಹೋದ್ರೂ ಸೊಂಟದ ಮೇಲೆ ಬರಲ್ವಂತೆ. ಈಜು ಬರದೇ ಇರೋ ನಿಮ್ಮಂಥವರಿಗೆ ಅಂತಾನೇ ಮಾಡಿಟ್ಟಿದ್ದಾರೆ."

ಮೊಮ್ಮಗಳ ಜೊತೆ ಕೂತು ವೀಡಿಯೊ ನೋಡಿದೆ. ದಡದ ಉದ್ದಕ್ಕೂ ರೈಲು. ನೀರು ಹಸಿರು, ಹಾಲು ಬೆರೆಸಿದ ಥರ. ದಡದಲ್ಲಿ ಬೇಯಿಸಿದ ಜೋಳದ ತೆನೆ ಮಾರ್ತಾರೆ. ತಟ್ಟೆಯಗಲದ ಪೂರಿ ಕರಿದು ಬೆಳ್ಳುಳ್ಳಿ ಸವರಿ ಕೊಡ್ತಾರೆ. ಫೆರ್ರಿ ಹತ್ತಿ ಆಚೆ ದಡಕ್ಕೆ ಹೋದರೆ ಒಂದು ಗುಡ್ಡ, ಅಲ್ಲಿ ನಿಂತು ಕೂಗಿದರೆ ಪ್ರತಿಧ್ವನಿ ಬರತ್ತಂತೆ. ನನಗೂ ಆಸೆ ಹತ್ತಿತು, ಸುಳ್ಳು ಯಾಕೆ ಹೇಳಲಿ. ಮೂವತ್ತೊಂದು ವರ್ಷ ಬಸ್ಸಲ್ಲಿ ಓಡಾಡಿದೆ, ಎಲ್ಲ ನಿಂತುಕೊಂಡೇ. ಒಂದು ದಿನವೂ ಕಿಟಕಿ ಪಕ್ಕ ಕೂತು ಹೊರಗೆ ನೋಡಿದವನಲ್ಲ. ಇದನ್ನ ಯಾವತ್ತೋ ಒಮ್ಮೆ ಊಟದ ಹೊತ್ತಲ್ಲಿ ಹೇಳಿದ್ದೆ ಅನ್ಸತ್ತೆ. ಮಾರನೇ ದಿನ ಶಾಪಿಂಗ್ ಸೆಂಟರಿಗೆ ನಡ್ಕೊಂಡು ಹೋಗಿ ಗಲ್ಲಕ್ಕೆ ದಾರ ಇರೋ ಒಂದು ಟೋಪಿ ತೊಗೊಂಡೆ. ಗಾಳಿಗೆ ಹಾರಬಾರದು ಅಂತ.

ಟೋಪಿ ತಂದ ಎರಡು ವಾರಕ್ಕೆ ನನ್ನ ತಲೆಗೆ ಹುಳ ಹೊಕ್ಕಿತು.

ಮಗಳು ತನ್ನ ಟ್ಯಾಬ್ಲೆಟ್ಟನ್ನ ಅಡಿಗೆಮನೆ ಕಟ್ಟೆ ಮೇಲೆ ಬಿಟ್ಟು ಒಗೆದ ಬಟ್ಟೆ ಹರವೋಕೆ ಹೋಗಿದ್ದಳು. ನಾನು ನೀರು ಕುಡಿಯೋಕೆ ಹೋದೆ. ಕಣ್ಣು ಹಾಕಬಾರದಿತ್ತು, ಹಾಕಿದೆ. ಬುಡಾಪೆಸ್ಟ್‌ನಿಂದ ಬಾಲಾಟನ್‌ಗೆ ರೈಲು. ಪ್ರಯಾಣಿಕರು ನಾಲ್ಕು. ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಸಲ ನೋಡೋಷ್ಟರಲ್ಲಿ ಪರದೆ ಕಪ್ಪಾಯಿತು. ಅದರ ಬೀಗದ ನಂಬರು ನನಗೆ ಗೊತ್ತಿಲ್ಲ.

ಐದು ತಲೆ, ನಾಲ್ಕು ಟಿಕೆಟ್ಟು. ಯಾವ ತಲೆ ಬಿಟ್ಟಿದ್ದಾರೆ ಅಂತ ಯೋಚಿಸೋಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಂಡಿನೋವಿನವನು, ಬಿ.ಪಿ. ಇರೋನು, ಸಿಡುಕ. ಹಿಂದಿನ ವರ್ಷ ಬೀಚಿಗೆ ಹೋದಾಗ ಬಸ್ಸಲ್ಲಿ ಟಿಕೆಟ್ಟಿನ ಕಾರ್ಡು ಮಷೀನಿಗೆ ಮುಟ್ಟಿಸದೆ ಹತ್ತಿದ ಹುಡುಗರ ಮೇಲೆ ಹರಿಹಾಯ್ದು ಎಲ್ಲರ ಮಾನ ಕಳೆದೋನು. ನಾನೇ.

ನೇರವಾಗಿ ಕೇಳಬಹುದಿತ್ತು. ಆದರೆ ನಮ್ಮ ಕಸುಬಿನಲ್ಲಿ ನೇರವಾಗಿ ಕೇಳೋ ಪದ್ಧತಿ ಇಲ್ಲ. 'ಟಿಕೆಟ್ ಇದೆಯಾ' ಅಂದರೆ ಎಲ್ಲರೂ ಇದೆ ಅಂತಾರೆ. 'ಎಲ್ಲಿ ಹತ್ತಿದ್ರಿ' ಅಂತ ಕೇಳಬೇಕು. ಹಾಗಾಗಿ ಹೆಂಡತಿ ಪುಳಿಯೋಗರೆ ಗೊಜ್ಜು ಕುದಿಸುವಾಗ ಪಕ್ಕ ಹೋಗಿ ನಿಂತೆ. ಅಲ್ಲಿ ಇಳಿದುಕೊಳ್ಳೋ ಮನೆಯಲ್ಲಿ ಅಡಿಗೆ ಮಾಡಬಹುದಂತೆ. ಗೊಜ್ಜು ಇಲ್ಲಿಂದಲೇ ಒಯ್ದು, ಕೆರೆಗೆ ಹೋಗೋ ದಿನ ಬೆಳಿಗ್ಗೆ ಅನ್ನ ಕಲಸಿ ಬುತ್ತಿ ಕಟ್ಟೋದು ಅವಳ ಯೋಜನೆ.

"ಇಷ್ಟು ಗೊಜ್ಜು ಸಾಲತ್ತೇನೇ?" ಅಂದೆ, ಏನೂ ಗೊತ್ತಿಲ್ಲದವನ ಹಾಗೆ.

"ನಾಲ್ಕು ಜನಕ್ಕೆ ಎಷ್ಟು ಬೇಕು ರೀ, ಎರಡು ಪಾವು ಅಕ್ಕಿ ಹಾಕಿದ್ರೆ ಮಿಕ್ಕತ್ತೆ," ಅಂದವಳು ಸೌಟು ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ. ಮತ್ತೆ ತಿರುವೋಕೆ ಶುರು ಮಾಡಿದಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ನನ್ನ ಬಿಟ್ಟು ಬುತ್ತಿ ಕಟ್ಟೋಕೆ ಒಪ್ಪಿದ್ದಾಳೆ ಅಂದ್ಕೊಂಡೆ. ಅವತ್ತು ರಾತ್ರಿ ಊಟ ಬೇಡ ಅಂದೆ. ಯಾರೂ ಹೆಚ್ಚು ಬಲವಂತ ಮಾಡಲಿಲ್ಲ, ಅದೂ ಒಂದು ಸಾಕ್ಷಿ ಅಂತ ಇಟ್ಟುಕೊಂಡೆ.

ಆಮೇಲೆ ಮಗ ಅಡಿಲೇಡಿನಿಂದ ಫೋನ್ ಮಾಡಿದ. "ಅಪ್ಪ, ನೀವು ಸ್ವಲ್ಪ ದಿನ ಇಲ್ಲಿಗೆ ಬಂದಿರಿ. ಅಕ್ಕನಿಗೂ ಸ್ವಲ್ಪ ಉಸಿರಾಡೋಕೆ ಆಗತ್ತೆ," ಅಂದ. ಉಸಿರಾಡೋಕೆ. ಅಂದರೆ ನಾನು ಅವಳ ಎದೆ ಮೇಲೆ ಕೂತಿದ್ದೀನಿ. ಯಾವಾಗ ಅಂತ ಕೇಳಿದ್ದಕ್ಕೆ ಅಮ್ಮನ ಹತ್ತಿರ ಮಾತಾಡಿ ಹೇಳ್ತೀನಿ ಅಂದ. ಎಲ್ಲ ಒಂದಾಗಿದ್ದಾರೆ ಅಂತ ಖಾತ್ರಿ ಆಯ್ತು.

ಗರಾಜಿನಲ್ಲಿ ಮೂರು ರಟ್ಟಿನ ಡಬ್ಬ ಕಾಣಿಸಿಕೊಂಡವು, ಟೇಪ್ ಸುತ್ತಿ ಭದ್ರ ಮಾಡಿದ್ದು. ಎತ್ತಿ ನೋಡಿದೆ, ಪುಸ್ತಕದ ಭಾರ. ಓಡಿಹೋಗಿ ನನ್ನ ಶೆಲ್ಫ್ ನೋಡಿದೆ, ನನ್ನ ಪುಸ್ತಕ, ಪಂಚಾಂಗ ಎಲ್ಲ ಇದ್ದ ಜಾಗದಲ್ಲೇ ಇತ್ತು. ಆದರೂ ಸಮಾಧಾನ ಇಲ್ಲ. ಖಾಲಿ ಡಬ್ಬ ಇನ್ನೆರಡು ಪಕ್ಕದಲ್ಲೇ ಇತ್ತಲ್ಲ, ಅವು ನನಗೇ ಅಂದ್ಕೊಂಡೆ. ಮಗಳೂ ಹೆಂಡತಿಯೂ ಅಡಿಗೆಮನೆಯಲ್ಲಿ ಪಿಸುಪಿಸು ಮಾತಾಡೋರು, ನಾನು ಹೋದರೆ ಕುಕ್ಕರ್ ವಿಷಯ ಶುರು ಮಾಡೋರು. ಅಳಿಯನ ಎರಡು ವಾರ ಮೂರಾಗಿತ್ತು, ಮೂರು ಐದಾಗಿತ್ತು. ಪಾಪ, ಕಂಪನಿಯವರು ಜೀವ ಹಿಂಡ್ತಿದ್ದಾರೆ ಅಂತ ಅವನ ಮೇಲೆ ಮಾತ್ರ ಕನಿಕರ ಇತ್ತು. ಬಂದಾಗ ಬೆಳಗಿನ ಜಾವದ ಮೀಟಿಂಗಿಗೆ ಅಂತ ಆಫೀಸ್ ರೂಮಲ್ಲೇ ಮಲಗ್ತಿದ್ದ.

ಆ ಕನಿಕರವೂ ಒಂದು ಭಾನುವಾರ ಹೋಯಿತು. ಪರ್ತ್‌ಗೆ ಹೊರಡೋ ಮುಂಚೆ ಅಳಿಯ ನನ್ನ ರೂಮಿಗೆ ಬಂದ. ನಾನು ಕುರ್ಚಿಯಲ್ಲಿ ಕೂತು ಪೇಪರ್ ಓದ್ತಿದ್ದೆ. ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹಬ್ಬ ಅಲ್ಲ, ಹುಟ್ಟಿದ ದಿನ ಅಲ್ಲ. ಹನ್ನೊಂದು ವರ್ಷದಲ್ಲಿ ಅವನು ಕಾಲಿಗೆ ಬಿದ್ದಿದ್ದೆಲ್ಲ ಮಗಳ ಜೊತೆಗೆ, ಜೋಡಿಯಾಗಿ. ಒಬ್ಬನೇ ಬಂದು ಬಿದ್ದಿದ್ದು ಅದೇ ಮೊದಲು. ಬಾಗಿಲ ಹತ್ತಿರ ನನ್ನ ಹೆಂಡತಿ ಸೆರಗಲ್ಲಿ ಮೂಗು ಒರೆಸಿಕೊಳ್ತಿದ್ದಳು.

ಓಹೋ, ಮುದುಕನ್ನ ಸಾಗಹಾಕೋ ಯೋಜನೆ ಈ ಮಹಾರಾಯನದೇ ಅಂದ್ಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಪಾಪಪ್ರಜ್ಞೆ ಕಾಲಿಗೆ ಬೀಳಿಸ್ತಿದೆ. ನಾನು ಕಾಲು ಹಿಂದಕ್ಕೆ ಎಳ್ಕೊಂಡೆ. ತಲೆ ಮೇಲೆ ಕೈ ಇಡಲಿಲ್ಲ. "ಹೂಂ. ಫ್ಲೈಟಿಗೆ ಹೊತ್ತಾಗತ್ತೆ ನೋಡಿ," ಅಂದೆ ಅಷ್ಟೇ.

ಅವನು ಒಂದು ಗಳಿಗೆ ಹಾಗೇ ನಿಂತಿದ್ದ. "ಹೊರಡ್ತೀನಿ ಮಾವ," ಅಂದ. ನಾನು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಅದಾದ ಮುಂದಿನ ಶನಿವಾರ ಮಧ್ಯಾಹ್ನ ಊಟದ ಟೇಬಲ್ ಮೇಲೆ ಮಗಳು, ಮೊಮ್ಮಗಳು ಕೆರೆ ದಿನದ ಯೋಜನೆ ಬರೆಯೋಕೆ ಕೂತರು. ಎಷ್ಟು ಹೊತ್ತಿಗೆ ರೈಲು, ಎಲ್ಲಿ ನೀರಿಗೆ ಇಳಿಯೋದು, ಎಷ್ಟು ಹೊತ್ತಿಗೆ ಫೆರ್ರಿ. ಗುಡ್ಡದ ಮೇಲೆ ಏನಂತ ಕೂಗೋದು ಅಂತ ಮೊಮ್ಮಗಳು ಯೋಚಿಸ್ತಿದ್ದಳು. ನನಗೆ ತಡೆಯೋಕಾಗಲಿಲ್ಲ. ಎದ್ದು ನಿಂತು ಹಳೇ ಗಂಟಲಲ್ಲಿ, "ಟಿಕೆಟ್ ತೋರಿಸಿ," ಅಂದೆ.

ಮೊಮ್ಮಗಳು ಆಟ ಅಂದ್ಕೊಂಡು ನಕ್ಕಳು. ಮಗಳು ನಗಲಿಲ್ಲ.

"ನನಗೆ ಎಣಿಸೋಕೆ ಬರತ್ತೆ ಕಣಮ್ಮ. ಐದು ಜನ, ನಾಲ್ಕು ಟಿಕೆಟ್ಟು. ನಾನು ಬರೋದು ಬೇಡ ಅಂದ್ರೆ ಮುಖಕ್ಕೆ ಹೇಳು. ಅಡಿಲೇಡಿಗೆ ನಾನೇ ಹೋಗ್ತೀನಿ. ಕಳ್ಳರ ಥರ ಹಿಂದೆ ಹಿಂದೆ ಮಾಡೋದು ಯಾಕೆ? ನಾನೇನು ಮರೆತು ಬಿಟ್ಟು ಹೋಗೋ ಚೀಲವಾ?" ನನ್ನ ಧ್ವನಿ ಒಡೆದಿತ್ತು, ನನಗೇ ನಾಚಿಕೆ ಆಗೋಷ್ಟು.

ಮಗಳು ಫೋನಲ್ಲಿ ಟಿಕೆಟ್ ತೆಗೆದು ನನ್ನ ಮುಂದೆ ತಳ್ಳಿದಳು. ಮೇಲುಗಡೆ ನನ್ನ ಹೆಸರು. ಪಕ್ಕದಲ್ಲಿ ಕಿಟಕಿ ಸೀಟು ಅಂತಿತ್ತು. ಕೆಳಗೆ ನನ್ನ ಹೆಂಡತಿ, ಮಗಳು, ಮೊಮ್ಮಗಳು.

ನನಗೆ ಸಂತೋಷ ಆಯ್ತು. ಅದನ್ನ ಮುಚ್ಚಿಡಲ್ಲ, ಮೊದಲು ಆಗಿದ್ದು ಸಂತೋಷವೇ. ಇನ್ನೊಂದು ಸಲ ಹೆಸರು ಓದಿಕೊಂಡು, ದೊಡ್ಡ ಮನುಷ್ಯನ ಹಾಗೆ, "ಅಳಿಯಂದಿರ ಹೆಸರೇ ಬಿಟ್ಟುಹೋಗಿದೆಯಲ್ಲಮ್ಮ. ಬೇಗ ಸೇರಿಸು, ಸೀಟು ಖಾಲಿಯಾಗ್ಬಿಡತ್ತೆ," ಅಂದೆ.

ಮೊಮ್ಮಗಳು ಪೆನ್ಸಿಲ್ ಕೆಳಗಿಟ್ಟು, ಯಾವಾಗಲೂ ಮಾತಾಡೋ ಇಂಗ್ಲಿಷಿನಲ್ಲೇ, ಡ್ಯಾಡಿ ಇನ್ನು ಪರ್ತ್‌ನಲ್ಲೇ ಇರೋದು ತಾತ, ನಿನಗೆ ಗೊತ್ತು ಅಂದ್ಕೊಂಡಿದ್ದೆ ಅಂದಳು.

"ಕೆಲಸ ಅಲ್ಲೇ ಅಲ್ವೇನಮ್ಮ," ಅಂದೆ.

"ಕೆಲಸಕ್ಕಲ್ಲ ಅಪ್ಪ," ಅಂದಳು ಮಗಳು. "ನಾವು ಬೇರೆ ಆಗಿದ್ದೀವಿ. ಮಾರ್ಚ್‌ನಲ್ಲೇ ತೀರ್ಮಾನ ಆಯ್ತು. ಇವಳಿಗೋಸ್ಕರ ಅಷ್ಟು ದಿನ ಬಂದು ಹೋಗಿ ಮಾಡಿದ್ರು. ಆವತ್ತು ಭಾನುವಾರ ಹೋದ್ರಲ್ಲ, ಅದೇ ಕೊನೆ."

ಕುರ್ಚಿ ಹಿಡ್ಕೊಂಡು ಕೂತೆ. ಹೆಂಡತಿ ನೀರು ತಂದಿಟ್ಟಳು. ನಿನಗೆ ಯಾವಾಗ ಗೊತ್ತಾಯ್ತು ಅಂತ ಕೇಳಿದೆ. ಏಪ್ರಿಲ್‌ನಲ್ಲಿ ಅಂದಳು. ನನಗೆ ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ರೆ ತಪ್ಪು ಯಾರದು ಅಂತ ಕೇಳ್ತಿದ್ರಿ. ಇಬ್ಬರನ್ನೂ ನಿಲ್ಲಿಸಿಕೊಂಡು ವಿಚಾರಣೆ ಮಾಡ್ತಿದ್ರಿ. ನಿಮ್ಮದು ಕಾಮಾಲೆ ಕಣ್ಣು, ಕಂಡಿದ್ದೆಲ್ಲ ಹಳದಿ. ಅವರಿಬ್ಬರೂ ಆಗಲೇ ಸಾಕಷ್ಟು ಅತ್ತಿದ್ರು ರೀ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ತಪ್ಪು ಯಾರದು ಅನ್ನೋ ಮಾತು ಆ ಹೊತ್ತಿಗೇ ನನ್ನ ನಾಲಿಗೆ ತುದಿಗೆ ಬಂದು ಕೂತಿತ್ತು. ನೀರಿನ ಜೊತೆ ನುಂಗಿದೆ. ಮಗಳ ಮುಖ ಆವಾಗ ಸರಿಯಾಗಿ ನೋಡಿದೆ. ಕಣ್ಣ ಕೆಳಗೆ ಕಪ್ಪಾಗಿತ್ತು, ಕೆನ್ನೆ ಇಳಿದಿತ್ತು. ಒಂದೇ ಮನೆಯಲ್ಲಿದ್ದು ಎರಡು ತಿಂಗಳು ಅವಳ ಟ್ಯಾಬ್ಲೆಟ್ ಮೇಲೆ ಕಣ್ಣಿಟ್ಟಿದ್ದೆ, ಅವಳ ಮೇಲೆ ಇಟ್ಟಿರಲಿಲ್ಲ. ತಲೆ ನೇವರಿಸಿದೆ. ಅವಳು ಟೇಬಲ್ ಮೇಲೆ ಹಣೆ ಇಟ್ಟು ಅತ್ತಳು. ಮೊಮ್ಮಗಳು ಹೋಗಿ ಅವಳ ಬೆನ್ನಿಗೆ ಅಂಟಿಕೊಂಡು ನಿಂತಳು.

ಸಂಜೆ ಗರಾಜಿಗೆ ಹೋದೆ. ಡಬ್ಬಗಳು ಐದೂ ತುಂಬಿದ್ದವು. ಒಂದರ ಮೇಲೆ ಅಳಿಯನ ಷಟಲ್ ರ‍್ಯಾಕೆಟ್ ಇತ್ತು. ಅದರ ಪಕ್ಕ ಕೂತು ಪರ್ತ್‌ಗೆ ಫೋನ್ ಮಾಡಿದೆ. ನಮಗೆ ಆರು ಗಂಟೆ, ಅಲ್ಲಿ ಇನ್ನೂ ನಾಲ್ಕು, ಮಧ್ಯಾಹ್ನಕ್ಕೆ ಮೊಮ್ಮಗಳು ಇಲ್ಲಿಯವರ ಹಾಗೆ ಆರ್ವೋ ಅಂತಾಳಲ್ಲ, ಆ ಹೊತ್ತು.

"ಹೇಳಿ ಮಾವ," ಅಂದ. ಧ್ವನಿಯಲ್ಲಿ ಹೆದರಿಕೆ ಇತ್ತು. ನಾನು ಕಂಡಕ್ಟರುಗಳಲ್ಲಿ ಎಷ್ಟೋ ಸಲ ಕೇಳಿದ ಹೆದರಿಕೆ ಅದು. ವಿಚಾರಣೆಗೆ ತಯಾರಾಗಿಯೇ ಫೋನ್ ಎತ್ತಿದ್ದ.

ನಾನು ಬಾಯಿ ತೆಗೆಯೋ ಮುಂಚೆ ಅವನೇ ಮಾತು ತೆಗೆದ. "ಬಾಲಾಟನ್ ಟಿಕೆಟ್ ಆಯ್ತಾ ಮಾವ? ನಿಮಗೆ ಬಲಗಡೆ ಕಿಟಕಿನೇ ಸಿಕ್ತು ತಾನೇ? ಹೋಗುವಾಗ ಕೆರೆ ಬಲಕ್ಕೆ ಬರೋದು. ನಾನು ಮ್ಯಾಪ್ ನೋಡಿ ಹೇಳಿದ್ದೆ ಅವಳಿಗೆ. ನೀವು ಯಾವತ್ತೂ ಕಿಟಕಿ ಪಕ್ಕ ಕೂತಿಲ್ಲ ಅಂದಿದ್ರಲ್ಲ."

"ಸಿಕ್ತು," ಅಂದೆ. ಆಮೇಲೆ, "ಆವತ್ತು ನೀನು ನಮಸ್ಕಾರ ಮಾಡ್ದಾಗ ನಾನು ಏನೂ ಹೇಳ್ಲಿಲ್ಲ," ಅಂದೆ.

"ಪರವಾಗಿಲ್ಲ ಬಿಡಿ ಮಾವ."

"ಈಗ ಹೇಳ್ತೀನಿ. ಚೆನ್ನಾಗಿರಪ್ಪ."

ಲೈನ್ ಕಟ್ಟಾಗಿದೆಯೇನೋ ಅಂತ ಫೋನ್ ಕಿವಿಯಿಂದ ತೆಗೆದು ನೋಡಿದೆ. ಆಗಿರಲಿಲ್ಲ.