ಒಂದು ಅಕ್ಕಿಕಾಳಿನಷ್ಟು ಪೇಸ್ಟು

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಸಾಲು ಮುಗಿಯುವಲ್ಲಿ ಸಬೀನಾಳ ಕಂಪ್ಯೂಟರ್ ಅಂಗಡಿ. ಹನ್ನೊಂದು ವರ್ಷಗಳಿಂದ ಅವಳು ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದಾಳೆ. ಬೆಳಿಗ್ಗೆ ಬಾಗಿಲು ತೆರೆದವಳೇ ಯಂತ್ರಗಳ ಮೇಲೆ ಕೂತ ತೌಡಿನ ಧೂಳನ್ನು ಊದಿ ತೆಗೆಯುತ್ತಾಳೆ. ಎದುರಿಗೇ ಹುಲಗಮ್ಮನ ಅಂಗಡಿ. ಹುಲಿಹೈದರದಿಂದ ಬಂದ ಆ ಹುಡುಗಿಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವಳು ಸಬೀನಾಳೇ. ಹುಲಗಮ್ಮ ಅವಳನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತ ಎರಡು ವರ್ಷ ಕಲಿತಳು, ಕಾಲು ಮುಟ್ಟಿ ನಮಸ್ಕರಿಸಿದಳು, ಎದುರಿನ ಮಳಿಗೆ ಹಿಡಿದಳು.

ಅಂದಿನಿಂದ ಸಬೀನಾಳ ಕಣ್ಣು ರಸ್ತೆಯ ಆಚೆಗೇ. ಅಲ್ಲಿ ಯಾರು ಮೆಟ್ಟಿಲು ಹತ್ತಿದರು, ಯಾರು ಹೊಸ ಪೆಟ್ಟಿಗೆ ಹೊತ್ತು ಇಳಿದರು ಎಂಬುದೆಲ್ಲ ಅವಳಿಗೆ ಗೊತ್ತು. ಹುಲಗಮ್ಮ ನಗುತ್ತ ಚಹಾಕ್ಕೆ ಕರೆದರೆ, ಕುಡಿಯದಿದ್ದರೂ ಕುಡಿದೆ ಎನ್ನುತ್ತಿದ್ದಳು.

2022ರ ಏಪ್ರಿಲ್‌ನಲ್ಲಿ ಕುಷ್ಟಗಿಯ ಸುಭಾಷ್ ಗೇಮ್ ಸೆಂಟರ್ ತೆರೆಯಲು ಹೊರಟ. ಹತ್ತು ಕಂಪ್ಯೂಟರ್ ಬೇಕಿತ್ತು. ಆಟಕ್ಕೆ ಯಾವ ಪ್ರೊಸೆಸರ್ ಒಳ್ಳೆಯದೆಂಬ ಬಾಯಿಮಾತನ್ನು ಅವನು ನಂಬಲಿಲ್ಲ. ಸಬೀನಾ, ಹುಲಗಮ್ಮ ಇಬ್ಬರೂ ಒಂದೊಂದು ಯಂತ್ರ ತರಬೇಕು, ಗ್ರಾಫಿಕ್ಸ್ ಕಾರ್ಡ್ ಒಂದೇ ಇರಬೇಕು, ಒಂದೇ ಆಟ ಅರ್ಧ ಗಂಟೆ ಓಡಬೇಕು. ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಪರದೆಯ ಮೂಲೆಯಲ್ಲಿ ಕಾಣುವ ಅಂಕಿಯೇ ತೀರ್ಪು; ಅದು ಹೆಚ್ಚು ಬಂದವರಿಗೆ ಹತ್ತೂ ಯಂತ್ರಗಳ ಕೆಲಸ.

ಸಬೀನಾ ತಾನು ನಂಬಿದ ರೈಜನ್ ಪ್ರೊಸೆಸರ್ ಹಾಕಿದಳು. ಹುಲಗಮ್ಮ ಹನ್ನೆರಡನೇ ತಲೆಮಾರಿನ ಇಂಟೆಲ್ ತರಿಸಿದಳು. ಎರಡಕ್ಕೂ ಆರಾರು ಕೋರು. ಆದರೆ ಇಂಟೆಲ್ ಹೊಸದು. ಹಳೆಯವುಗಳಂತೆ ಚೌಕವಲ್ಲ, ಉದ್ದನೆಯದು. ಸಬೀನಾ ಅದನ್ನು ಫೋಟೊದಲ್ಲಷ್ಟೇ ನೋಡಿದ್ದಳು. ತಾನು ಕಲಿಸಿದ ಬೆರಳು ತನಗಿಂತ ಮೊದಲು ಅದನ್ನು ಮುಟ್ಟಿತಲ್ಲ ಎಂಬುದು ಅನ್ನದಲ್ಲಿ ಸಿಕ್ಕ ಹರಳಿನಂತೆ ಅವಳನ್ನು ಕಾಡಿತು.

ಸುಭಾಷನ ಖಾಲಿ ಹಾಲ್‌ನಲ್ಲಿ ಕಾದ ತಗಡಿನ ಕೆಳಗೆ ಎರಡೂ ಯಂತ್ರಗಳು ಶುರುವಾದವು. ಸಬೀನಾಳದು ನೂರಾ ಇಪ್ಪತ್ತೆಂಟು, ಹುಲಗಮ್ಮನದು ನೂರಾ ನಲವತ್ತೆರಡು. ಸಬೀನಾ ತನ್ನ ಪರದೆ ಬಿಟ್ಟು ಪಕ್ಕದ್ದನ್ನೇ ನೋಡುತ್ತ ನಿಂತಳು. ಅದು ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿದಳು.

ಹತ್ತು ನಿಮಿಷಕ್ಕೆ ಅದು ಬಿತ್ತು. ನೂರಾ ಹತ್ತು, ಆಮೇಲೆ ತೊಂಬತ್ತಾರು. ಫ್ಯಾನ್ ಒದರತೊಡಗಿತು. ಸಬೀನಾಳದು ನೂರಾ ಇಪ್ಪತ್ತೈದರ ಕೆಳಗೆ ಇಳಿಯಲೇ ಇಲ್ಲ. ಅರ್ಧ ಗಂಟೆ ಮುಗಿದಾಗ ಸುಭಾಷ್ ನಕ್ಕ. "ಹುಲಗಮ್ಮಾರ, ಇನ್ನೊಂದೆರಡು ವರ್ಷ ನಿಮ್ಮ ಆಪಾನ ಕಡೆ ಕಲೀಬೇಕಿತ್ತು ನೋಡ್ರಿ."

ಈ ಮಾತನ್ನು ಯಾರಾದರೂ ಆಡಲಿ ಎಂದು ಸಬೀನಾ ಎಷ್ಟು ದಿನ ಕಾದಿದ್ದಳೋ. ಅದು ಕಿವಿಗೆ ಬಿದ್ದಾಗ ಬೇಸಿಗೆಯಲ್ಲಿ ತಣ್ಣೀರು ಕುಡಿದಂತಾಯಿತು.

ಹುಲಗಮ್ಮ ಅಳಲಿಲ್ಲ. ಕ್ಯಾಬಿನೆಟ್ಟಿನ ಬಿಸಿ ತಗಡಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಹೇಳಿದಳು. "ಆಪಾ, ಎಲ್ಲಾ ನೀವು ಕಲಿಸಿದಂಗ ಮಾಡೀನ್ರಿ. ಪೇಸ್ಟೂ ಅಕ್ಕಿಕಾಳಿನಷ್ಟ ಹಚ್ಚೀನಿ."

ಪ್ರೊಸೆಸರ್‌ನ ಬಿಸಿಯನ್ನು ಫ್ಯಾನಿನ ಲೋಹಕ್ಕೆ ದಾಟಿಸುವುದು ನಡುವೆ ಹಚ್ಚುವ ಆ ಬೂದು ಪೇಸ್ಟು; ಬಿಸಿ ದಾಟದಿದ್ದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ. ಸಬೀನಾ ಕೇಳಿದಳು, "ಯಾವ ಅಕ್ಕಿ?"

"ಅಕ್ಕಿ ಅಂದ್ರ ಯಾವ್ದ್ರಿ ಮತ್ತ? ನಮ್ಮ ಸೋನಾಮಸೂರಿ."

ಗಂಗಾವತಿಯಲ್ಲಿ ಅಕ್ಕಿ ಎಂದರೆ ಅದೇ: ಸಣ್ಣ, ತೆಳು ಕಾಳು. ಸಬೀನಾ ತಾನೂ ಅಷ್ಟೇ ಹಚ್ಚುತ್ತಿದ್ದಳು. ಚೌಕದ ಪ್ರೊಸೆಸರ್‌ಗೆ ಅದು ಹೇಗೋ ಸಾಲುತ್ತಿತ್ತು. ಈ ಉದ್ದದ್ದಕ್ಕೆ ಸಾಲದು. ಅವಳು ಸುಮ್ಮನಿದ್ದರೆ ಹತ್ತು ಯಂತ್ರಗಳೂ ಅವಳವೇ. ಆದರೆ ಸೋತದ್ದು ಹುಲಗಮ್ಮನ ಕೈಯಲ್ಲ, ತನ್ನ ಪಾಠ. ಎದುರಿನ ಅಂಗಡಿ ತನ್ನನ್ನು ಮೀರಿಸುವುದನ್ನಾದರೂ ಸಹಿಸಿಕೊಳ್ಳಬಹುದೇನೋ, ಇದನ್ನು ಸಹಿಸಲಾಗಲಿಲ್ಲ.

"ತಡೀರಿ ಸುಭಾಷಣ್ಣ," ಎಂದಳು. "ಪ್ರೊಸೆಸರ್‌ದು ತಪ್ಪಲ್ಲ, ಆಕೀದೂ ಅಲ್ಲ. ನಾ ಕಲಿಸಿದ್ದ ತಪ್ಪೈತಿ."

ಯಂತ್ರ ಆರಿಸಿ ಫ್ಯಾನ್ ಬಿಚ್ಚಿದಳು. ನಡುವೆ ಬೂದು ಬಣ್ಣದ ಚಿಕ್ಕ ಕಲೆ, ಎರಡೂ ತುದಿಗಳು ಬರಿದಾಗಿ ಹೊಳೆಯುತ್ತಿದ್ದವು. ಒರೆಸಿದಳು. ಉದ್ದಕ್ಕೂ ಪೇಸ್ಟಿನ ಗೆರೆ ಎಳೆದು, ಅದರ ಅಕ್ಕಪಕ್ಕ ಎರಡು ಹನಿ ಇಟ್ಟಳು. ಹೊಸ ಪ್ರೊಸೆಸರ್ ಅವಳ ಕೈಗೆ ಬಂದದ್ದು ಹೀಗೆ, ಬೇರೆಯವಳ ಯಂತ್ರದೊಳಗೆ.

ಮತ್ತೆ ಅರ್ಧ ಗಂಟೆ. ನೂರಾ ನಲವತ್ತೆರಡು, ನೂರಾ ನಲವತ್ತು, ಮತ್ತೆ ನೂರಾ ನಲವತ್ತೆರಡು. ಅಂಕಿ ಬೀಳಲಿಲ್ಲ. ಸುಭಾಷ್ ಹತ್ತೂ ಯಂತ್ರಗಳನ್ನು ಜೋಡಿಸಿಕೊಡಲು ಹುಲಗಮ್ಮನಿಗೇ ಹೇಳಿದ.

ಮರಳುವ ಬಸ್ಸಿನಲ್ಲಿ ಹುಲಗಮ್ಮ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಹತ್ತಕ್ಕೂ ಪೇಸ್ಟು ನೀವೇ ಹಚ್ಚಿಕೊಡಿ, ಪಾಲು ಕೊಡುತ್ತೇನೆ ಎಂದಳು.

"ಒಲ್ಲೆ," ಎಂದಳು ಸಬೀನಾ. "ಎಷ್ಟಂತ ಗೊತ್ತಾತಲ್ಲ, ನೀನ ಹಚ್ಚು."

ಕಾಲುವೆ ದಾಟಿ ಭತ್ತದ ಗದ್ದೆಗಳು ಶುರುವಾದವು. ಹುಲಗಮ್ಮ ನಿದ್ದೆಹೋಗಿ ಅವಳ ಭುಜಕ್ಕೆ ತಲೆ ಆನಿಸಿದಳು. ಸಬೀನಾ ಭುಜ ಕದಲಿಸಲಿಲ್ಲ. ಆ ನೂರಾ ನಲವತ್ತೆರಡನ್ನು ಮಾತ್ರ ಅವಳು ಕ್ಷಮಿಸಿರಲಿಲ್ಲ. ಬೆರಳಿಗಂಟಿದ ಬೂದು ಪೇಸ್ಟನ್ನು ಓಢಣಿಯ ಅಂಚಿಗೆ ಒರೆಸುತ್ತ ಊರು ಬರುವವರೆಗೂ ಕೂತಿದ್ದಳು.