ಪೈಲಟ್ ಸೀಟಿನಲ್ಲಿ ಕ್ಷೌರ

ಹಳೇ ವಿಮಾನಗಳನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟುವುದು ನನ್ನ ಕೆಲಸ. ಒಂದು ಅಪರೂಪದ ವಿಮಾನದ ಪೈಲಟ್ ಸೀಟು ಎಲ್ಲೂ ಸಿಗದೆ, ಕೊನೆಗೆ ಕುಮಟಾದ ಕ್ಷೌರದಂಗಡಿಯೊಂದರಲ್ಲಿ ಕಣ್ಣಿಗೆ ಬಿತ್ತು.

"ಈ ಕುರ್ಚಿ ಕೊಡ್ತೀರಾ?" ಎಂದೆ.

"ಕೊಟ್ಟು, ಗಿರಾಕಿಗಳನ್ನ ಎಂತ ನನ್ನ ತೊಡೆ ಮೇಲೆ ಕೂರಿಸ್ಕಳ್ಳೂದಾ?" ಎಂದರು ಅಂಗಡಿಯ ದತ್ತಣ್ಣ.

"ಅಳತೆಯನ್ನಾದರೂ ತಗೊಳ್ತೇನೆ. ಇಂಥದ್ದೇ ಒಂದು ಮಾಡಿಸ್ತೇವೆ."

"ಆತು. ಆದ್ರೆ ಸುಮ್ನೆ ಕೂತ್ಕಂಡ್ರೆ ಆಗೂದಿಲ್ಲ. ಶೇವಿಂಗ್ ಮಾಡಿಸ್ಕಳ್ಳಿ."

ಮುಖದ ತುಂಬ ನೊರೆ ಇಟ್ಟುಕೊಂಡೇ ಟೇಪು ಹಿಡಿದು ಸೀಟಿನಡಿಗೆ ಬಗ್ಗಿದೆ. ಅರ್ಧ ಮೀಸೆ ಹೋಯಿತು. "ಅಲ್ಲಾಡ್ಬೇಡಿ ಅಂದಿದ್ನಲ್ಲ!" ಎಂದು ಬೈದ ದತ್ತಣ್ಣ ಉಳಿದರ್ಧವನ್ನೂ ತೆಗೆದರು.

ನಾವು ಮಾಡಿಸಿದ ಸೀಟನ್ನು ತಜ್ಞರು ಬಹಳ ಹೊಗಳಿದರು. ಅದರಲ್ಲೂ ತಲೆ ಆನಿಸುವ ದಿಂಬು ಆ ಕಾಲದ ಜಾಣ್ಮೆಗೆ ಸಾಕ್ಷಿ ಎಂದರು. ದತ್ತಣ್ಣನಿಗೆ ಫೋಟೋ ಕಳಿಸಿದೆ. ಅವರು ಫೋನ್ ಮಾಡಿ, "ದಿಂಬು ವಿಮಾನದ್ದಲ್ಲ ಮಾರಾಯ್ರೆ, ನಾನೇ ಮಾಡ್ಸಿ ಹಾಕಿದ್ದು" ಎಂದರು.

ತಜ್ಞರಿಗೆ ನಾನಿನ್ನೂ ಹೇಳಿಲ್ಲ.