ಮಗ್ಗ ನಿಲ್ಲುವ ದಿನ

ಗೋಕಿಲಾ ಟೀಚರ್ ನಡೆಸುವ ಬೇಸಿಗೆ ಅಭ್ಯಾಸದಲ್ಲಿ ಮೊದಲ ಮೂರು ವಾರ ಚೆಂಡು ಇರುವುದಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಅವರು ಶಾಲೆಯ ಬಾಸ್ಕೆಟ್‌ಬಾಲ್‌ಗಳನ್ನೆಲ್ಲ ಬೀರುವಿನೊಳಗೆ ಇಟ್ಟು ಬೀಗ ಹಾಕಿ, ಕೀಲಿಯನ್ನು ಕೊರಳಲ್ಲಿ ಸೀಟಿಯ ಜೊತೆಗೆ ತೂಗಿಸಿಕೊಳ್ಳುತ್ತಾರೆ. ಪಂದ್ಯಗಳಿಲ್ಲದ ಏಪ್ರಿಲ್ ಮತ್ತು ಮೇ ತಿಂಗಳು ಕಾಲುಗಳಿಗೆ ಸೇರಿದ್ದು ಎನ್ನುವುದು ಅವರ ನಂಬಿಕೆ. ಓಡು, ಬಗ್ಗು, ಹಾರು, ಇಳಿ. ಹಾರುವುದನ್ನು ಯಾರೂ ಕಲಿಸಬೇಕಿಲ್ಲ, ಇಳಿಯುವುದನ್ನು ಕಲಿಸಬೇಕು ಎಂದು ಅವರ ಬಳಿ ಆಡಿದ ನಮಗೆಲ್ಲ ಹೇಳುತ್ತಿದ್ದರು. ಬೆಕ್ಕು ಗೋಡೆಯಿಂದ ಇಳಿದ ಹಾಗೆ ಇಳಿಯಬೇಕು, ಸದ್ದು ಕೇಳಿಸಬಾರದು.

ಕೊಯಮತ್ತೂರು ಜಿಲ್ಲೆಯ ಸೋಮನೂರಿನ ಬಳಿಯ ನಮ್ಮ ಊರಿನಲ್ಲಿ ಅಂಥ ಸದ್ದು ಕೇಳಿಸುವುದೂ ಸುಲಭವಲ್ಲ. ಶಾಲೆಯ ಮೂರು ಕಡೆಯೂ ಪವರ್‌ಲೂಮ್ ಶೆಡ್‌ಗಳಿವೆ. ಮಗ್ಗಗಳ ಬಡಿತಕ್ಕೆ ಮೈದಾನದ ನೆಲವೂ ಸಣ್ಣಗೆ ನಡುಗುತ್ತದೆ. ತಿಂಗಳಿಗೆ ಒಂದು ದಿನ ಮಾತ್ರ ತಂತಿ ದುರಸ್ತಿಗೆಂದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕರೆಂಟ್ ತೆಗೆಯುತ್ತಾರೆ. ಅಂದು ಎರಡು ಬೀದಿಯಾಚೆ ಯಾರೋ ಕೊಡ ಕೆಳಗಿಟ್ಟದ್ದು ಕೇಳುತ್ತದೆ. ಆ ದಿನವನ್ನು ಗೋಕಿಲಾ ಟೀಚರ್ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಡುತ್ತಿದ್ದರು. ಮಗ್ಗ ನಿಂತರೆ ನೇಕಾರರ ಮನೆಯ ಹುಡುಗಿಯರೆಲ್ಲ ಬಿಡುವಾಗಿರುತ್ತಾರೆ. ಇಳಿಯುವ ಸದ್ದೂ ಕಿವಿಗೆ ಬೀಳುತ್ತದೆ. ಹಾಗಾಗಿ ಬೆಳಗಿನ ಅಭ್ಯಾಸ ಮುಗಿದ ಮೇಲೆ ಅಂದು ಹತ್ತು ಗಂಟೆಗೆ ಇನ್ನೊಂದು ಸುತ್ತು ಇರುತ್ತಿತ್ತು. ಬೇಸಿಗೆಯ ಅತಿ ಕಷ್ಟದ ಸುತ್ತು ಅದೇ.

ಅವರಿಗೀಗ ನಲವತ್ತನಾಲ್ಕು. ಅವರೂ ನಮ್ಮ ದೇವಾಂಗರ ಬೀದಿಯವರೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೈಸ್ಕೂಲಿನಲ್ಲಿದ್ದಾಗ ರಜೆಯ ದಿನಗಳಲ್ಲಿ ತಂದೆಯ ಮಗ್ಗಗಳ ನಡುವೆ ನಿಂತವರು. ಆಟದ ಬಲದಿಂದ ಕೊಯಮತ್ತೂರಿನ ಕಾಲೇಜು ಸೇರಿ, ದೈಹಿಕ ಶಿಕ್ಷಣದ ಟೀಚರಾಗಿ ಅದೇ ಊರಿಗೆ ಮರಳಿದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಮುಹೂರ್ತದ ದಿನವೆಲ್ಲ ಮ್ಯಾಚ್ ಇತ್ತು ಎಂದು ನಗಿಸುತ್ತಿದ್ದರು. ಮನೆಯಲ್ಲಿ ತಾಯಿ ಸಾಮಿಯಾತಾಳ್ ಇದ್ದಾರೆ. ಮೂವತ್ತು ವರ್ಷ ಮಗ್ಗಗಳ ನಡುವೆ ನಡೆದ ಅವರ ಕಾಲುಗಳಲ್ಲಿ ನರಗಳು ಗಂಟುಗಂಟಾಗಿ ನಿಂತಿವೆ. ಪ್ರತಿ ಸಂಜೆ ಗೋಕಿಲಾ ಟೀಚರ್ ತೆಂಗಿನೆಣ್ಣೆ ಬಿಸಿ ಮಾಡಿ ಆ ಕಾಲುಗಳನ್ನು ನೀವುತ್ತಾರೆ.

ಕಳೆದ ವರ್ಷ ಅವರ ಕಣ್ಣೆಲ್ಲ ಅಭಿನಯಾಳ ಮೇಲಿತ್ತು. ಆಗಷ್ಟೇ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದ ಹುಡುಗಿ. ಎತ್ತರ, ಉದ್ದ ಕೈ, ಮಾತು ಕಡಿಮೆ. ಜೂನ್ ಮೊದಲ ವಾರ ಕೊಯಮತ್ತೂರಿನಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು. ಆಯ್ಕೆಯಾದರೆ ಎರಡು ವರ್ಷ ಓದು, ಊಟ, ಆಟ, ಮಲಗಲು ಒಂದು ಮಂಚ. ಆಗದಿದ್ದರೆ ಏನು ಎಂಬುದನ್ನು ಅವಳ ತಂದೆ ಶಣ್ಮುಗಂ ಯಾವ ಸಿಟ್ಟೂ ಇಲ್ಲದೆ ಮೊದಲೇ ಹೇಳಿಬಿಟ್ಟಿದ್ದ.

“ಹಾಸ್ಟೆಲ್ ಸಿಕ್ಕಿದ್ರೆ ಹೋಗ್ಲಿ ಟೀಚರ್, ನಾ ತಡಿಯಲ್ಲ. ಸಿಕ್ಕಲಿಲ್ಲಾಂದ್ರೆ ನಾಲ್ಕು ಮಗ್ಗ ಅವಳ್ದು.”

ಟೀಚರ್ ಅವಳಿಗೆಂದೇ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟರು. ಬೆಳಿಗ್ಗೆ ಎರಡು ಗಂಟೆಯ ಅಭ್ಯಾಸ, ಮಧ್ಯಾಹ್ನ ಮಲಗುವುದು, ಭಾನುವಾರ ಪೂರ್ತಿ ವಿಶ್ರಾಂತಿ. ಒಂದು ದಿನ ತಪ್ಪಿಸಿದರೂ ಆಯ್ಕೆಗೆ ಹೆಸರು ಕಳಿಸುವುದಿಲ್ಲ ಎಂದೂ ಎಲ್ಲರ ಮುಂದೆ ಹೇಳಿದರು.

ಏಪ್ರಿಲ್ ನಡುವಿನಲ್ಲಿ, ಶಣ್ಮುಗಂನ ಎಂಟು ಮಗ್ಗಗಳ ಶೆಡ್ಡಿನಲ್ಲಿ ನಾಲ್ಕನ್ನು ನೋಡಿಕೊಳ್ಳುತ್ತಿದ್ದ ಕೆಲಸಗಾರ ತನ್ನ ಊರಿಗೆ ಹೋದವನು ಮರಳಲಿಲ್ಲ. ಆ ಜಾಗಕ್ಕೆ ಅಭಿನಯಾ ನಿಂತಳು. ಮೈದಾನದಿಂದ ಬಂದು ಎರಡು ಇಡ್ಲಿ ತಿಂದು ಎಂಟಕ್ಕೆ ಮಗ್ಗದ ಮುಂದೆ ನಿಂತರೆ ಸಂಜೆ ಏಳರವರೆಗೆ ನಾಲ್ಕು ಮಗ್ಗಗಳ ನಡುವೆ ನಡಿಗೆ. ಎಳೆ ಕಡಿದಲ್ಲಿ ಗಂಟು ಹಾಕಬೇಕು, ನೂಲು ಮುಗಿದಲ್ಲಿ ಲಾಳಿಯೊಳಗಿನ ನೂಲಿನ ಕೊಳವೆ, ಕಂಡಿಕೆ, ಬದಲಾಯಿಸಬೇಕು. ಭಾನುವಾರವೂ ಅದೇ. ಇದು ನಮಗೆಲ್ಲ ತಿಳಿದದ್ದು ಆಮೇಲೆ. ಟೀಚರಿಗೆ ಯಾರೂ ಹೇಳಿರಲಿಲ್ಲ. ಎಡ ಮೊಣಕಾಲ ಕೆಳಗೆ ನೋವು ಶುರುವಾದಾಗ ಅವಳು ಹಳೆಯ ಲುಂಗಿಯ ಅಂಚು ಹರಿದು ಬಿಗಿಯಾಗಿ ಸುತ್ತಿ, ಮೇಲೆ ಉದ್ದನೆಯ ಕಾಲುಚೀಲ ಎಳೆದುಕೊಂಡಳು.

ಮೇ ತಿಂಗಳ ಕರೆಂಟ್ ಇಲ್ಲದ ದಿನ ಬಂತು. ಒಂಬತ್ತು ಗಂಟೆಗೆ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಹತ್ತಕ್ಕೆ ಒಂಬತ್ತು ಹುಡುಗಿಯರು ಮೈದಾನದಲ್ಲಿದ್ದರು. ಪ್ರಾರ್ಥನೆಯ ವೇದಿಕೆಯ ಮೇಲಿಂದ ಸಿಮೆಂಟು ನೆಲಕ್ಕೆ ಹಾರಿ, ಇಳಿದ ಕೂಡಲೇ ಮತ್ತೆ ಮೇಲೆ ನೆಗೆಯಬೇಕು. ಟೀಚರ್ ವೇದಿಕೆಗೆ ಬೆನ್ನು ಹಾಕಿ ಬೇವಿನ ನೆರಳಲ್ಲಿ ನಿಂತು, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಬರೀ ಸದ್ದಿನಿಂದಲೇ ಯಾರು ಎಂದು ಹೇಳುತ್ತಿದ್ದರು. ಜನನಿ, ಹಿಮ್ಮಡಿ ಬಡೀತು. ಧರಣಿ, ಮೂಟೆ ಇಳಿಸಿದ ಹಾಗಿದೆ.

“ಊರಿಗೆಲ್ಲ ಕರೆಂಟ್ ಕಟ್, ಟೀಚರ್ ಕಿವಿಗೆ ಮಾತ್ರ ಇಲ್ಲ,” ಎಂದು ಧರಣಿ ಮೆಲ್ಲಗೆ ಹೇಳಿದಳು. ಅಭಿನಯಾ ಕೂಡ ನಕ್ಕಳು.

ಅವಳ ಸರದಿ ಬಂದಾಗ ಟೀಚರಿಗೆ ಎರಡು ಸದ್ದು ಕೇಳಿತು. ಬಲಗಾಲು ಮೊದಲು, ಎಡಗಾಲು ಆಮೇಲೆ, ಹೆದರಿದಂತೆ. ಮತ್ತೊಮ್ಮೆ ಹಾರಿಸಿದರು. ಮತ್ತೂ ಹಾಗೆಯೇ.

“ಏನು ಅಮ್ಮಿಣಿ, ಎಡಗಾಲು ನಿದ್ದೆ ಮಾಡ್ತಿದೆ. ಎಬ್ಬಿಸು. ಇನ್ನೂ ಇಪ್ಪತ್ತು.”

ಅಮ್ಮಿಣಿ ಎಂದು ಅವರು ಕರೆಯುತ್ತಿದ್ದುದು ತುಂಬ ಪ್ರೀತಿ ಬಂದಾಗ ಮಾತ್ರ. ಅಭಿನಯಾ ಹಾರತೊಡಗಿದಳು. ಟೀಚರ್ ಬೆನ್ನು ತಿರುಗಿಸಿಕೊಂಡೇ ಎಣಿಸುತ್ತಿದ್ದರು. ಹದಿನಾಲ್ಕನೆಯದಕ್ಕೆ ಕೇಳಿದ್ದು ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು. ಬೇರೆ ಯಾವ ದಿನವಾಗಿದ್ದರೂ ಅದು ಕೇಳಿಸುತ್ತಿರಲಿಲ್ಲ.

ತಿರುಗಿ ನೋಡಿದಾಗ ಹುಡುಗಿ ಕುಳಿತಿದ್ದಳು. ಕೂಗಲಿಲ್ಲ. ಇನ್ನು ಆರು ಉಳಿದಿವೆ ಟೀಚರ್ ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸರೇ ಹಾಳೆಯನ್ನು ಬೆಳಕಿಗೆ ಹಿಡಿದು, ಬಿರುಕು ಇಂದಿನದಲ್ಲ, ಎರಡು ಮೂರು ವಾರದ್ದು, ಇಂದು ಪೂರ್ತಿ ಮುರಿದಿದೆ ಅಷ್ಟೆ ಎಂದರು. ದಿನಕ್ಕೆ ಎಷ್ಟು ಹೊತ್ತು ಕಾಲಿಗೆ ಕೆಲಸ ಎಂದು ಕೇಳಿದರು. ಎರಡು ಗಂಟೆ ಎಂದರು ಗೋಕಿಲಾ ಟೀಚರ್. ಹಿಂದೆ ನಿಂತಿದ್ದ ತಾಯಿ ಪಳನಿಯಮ್ಮ ನೆಲ ನೋಡುತ್ತ, ಹದಿಮೂರು ಎಂದಳು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಚಿಕ್ಕಂದಿನಲ್ಲಿ ಒಂದೇ ಬೀದಿಯಲ್ಲಿ ಆಡಿದವರು.

“ನನಗೊಂದು ಮಾತು ಹೇಳ್ಬಾರ್ದಾ, ಪಳನಿಯಮ್ಮ?”

“ಹೇಳಿದ್ರೆ ನೀ ಹೆಸರು ತೆಗೆದಿರ್ತಿದ್ದೆ ಅಕ್ಕಾ.”

ಅದು ಸುಳ್ಳಾಗಿರಲಿಲ್ಲ.

ಅಂದು ಸಂಜೆ ಎಣ್ಣೆಯ ಬಟ್ಟಲು ಹಿಡಿದು ತಾಯಿಯ ಕಾಲ ಬಳಿ ಕುಳಿತಾಗ ನಡೆದದ್ದನ್ನೆಲ್ಲ ಹೇಳಿದರು. ಸಾಮಿಯಾತಾಳ್ ಕಾಲು ಎಳೆದುಕೊಂಡರು.

“ನನ್ನ ಕಾಲು ದಿನಾ ನೀವ್ತೀಯಲ್ಲ. ಆ ಹುಡುಗಿ ಕಾಲು ಒಂದ್ ದಿನ ಮುಟ್ಟಿ ನೋಡಿದ್ಯಾ?”

ಜೂನಿನಲ್ಲಿ ಆಯ್ಕೆಯ ದಿನ ಗೋಕಿಲಾ ಟೀಚರ್ ಡಾಕ್ಟರ ಪತ್ರ ಹಿಡಿದು ಒಬ್ಬರೇ ಕೊಯಮತ್ತೂರಿಗೆ ಹೋದರು. ಆಡಿ ತೋರಿಸದವರ ಹೆಸರು ಪಟ್ಟಿಗೆ ಸೇರುವುದಿಲ್ಲ ಎಂದು ಅಲ್ಲಿದ್ದವರು ಮರ್ಯಾದೆಯಿಂದಲೇ ಹೇಳಿದರು. ಮಧ್ಯಾಹ್ನದ ಬಸ್ಸಿಗೆ ಮರಳಿ, ನೇರ ಶಣ್ಮುಗಂನ ಶೆಡ್ಡಿಗೆ ನಡೆದರು. ಎಂಟು ಮಗ್ಗಗಳೂ ಓಡುತ್ತಿದ್ದವು. ಅಭಿನಯಾ ಆ ತುದಿಯಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿ, ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ಕುಳಿತಿದ್ದಳು. ಕುಳಿತು ಮಾಡಬಹುದಾದ ಕೆಲಸ ಅದೊಂದೇ. ಮಗ್ಗದ ಮನೆಯವರಿಗೆ ತುಟಿ ಓದುವುದು ಚಿಕ್ಕಂದಿನಿಂದ ಗೊತ್ತು. ಟೀಚರ್ ಬಾಗಿಲಲ್ಲೇ ನಿಂತು, ಧ್ವನಿಯಿಲ್ಲದೆ, ಆಗಲಿಲ್ಲ ಎಂದರು. ಅಭಿನಯಾ ತಲೆಯಾಡಿಸಿ, ತುಂಬಿದ ಕಂಡಿಕೆ ತೆಗೆದು ಖಾಲಿಯದನ್ನು ಸಿಕ್ಕಿಸಿದಳು.

ಆ ಪ್ಲಾಸ್ಟರ್ ಆಗಸ್ಟಿನಲ್ಲಿ ಬಿಚ್ಚಿದರು. ನಾಲ್ಕು ಮಗ್ಗ ಅವಳದಾಯಿತು.

ಈ ಏಪ್ರಿಲ್‌ನಲ್ಲಿ ಗೋಕಿಲಾ ಟೀಚರ್ ಹೊಸ ನೋಟುಬುಕ್ಕು ತಂದರು. ಅಭ್ಯಾಸದ ಮೊದಲ ದಿನ ಒಬ್ಬೊಬ್ಬರನ್ನೇ ಕರೆದು, ಮನೆಯಲ್ಲಿ ಎಷ್ಟು ಹೊತ್ತು ನಿಂತಿರುತ್ತೀಯ ಎಂದು ಕೇಳಿದರು. ಹೆಸರು ತೆಗೆಯುವುದಿಲ್ಲ ಎಂದೂ ಹೇಳಿದರು. ಎಲ್ಲರೂ ಒಂದೇ ಉತ್ತರ ಕೊಟ್ಟರು. “ಇಲ್ಲ ಟೀಚರ್, ಸುಮ್ಮನೆ ಕೂತಿರ್ತೀನಿ.” ಹಾಗೆಂದ ಹುಡುಗಿಯರ ಜಡೆಗಳಲ್ಲಿ ಮಗ್ಗದ ಹತ್ತಿಯ ಸಣ್ಣ ನಾರು ಅಂಟಿಕೊಂಡಿತ್ತು. ಟೀಚರ್ ಪುಸ್ತಕ ಮುಚ್ಚಿದರು. ಆಮೇಲೆ ಪ್ರತಿ ಬೆಳಿಗ್ಗೆ ಹುಡುಗಿಯರನ್ನು ಸಾಲಾಗಿ ಕೂರಿಸಿ, ಕಾಲುಚೀಲ ತೆಗೆಸಿ, ಮೊಣಕಾಲ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ ಮೇಲೆಯೇ ಓಡಿಸುತ್ತಿದ್ದರು. ಒತ್ತುವಾಗ ನೋವಿಗೆ ಮುಖ ಕಿವುಚುತ್ತಾರೆಯೇ ಎಂದು ನೋಡುತ್ತಿದ್ದರು. ಹುಡುಗಿಯರು ಮುಖ ಬಿಗಿ ಹಿಡಿಯುವುದನ್ನು ಬೇಗ ಕಲಿತರು.

ಮೇ ತಿಂಗಳ ಕರೆಂಟ್ ಇಲ್ಲದ ದಿನ ಎರಡನೆಯ ಸುತ್ತಿಗೆ ಬಂದವರಿಗೆ ವರಾಂಡದಲ್ಲಿ ಚಾಪೆ ಹಾಸಿತ್ತು. ಇವತ್ತಿನ ಅಭ್ಯಾಸ ಮಲಗುವುದು ಎಂದರು ಟೀಚರ್. ಮಲಗುವುದಾದರೆ ಮನೆಯಲ್ಲಿ ಬಟ್ಟೆಯಾದರೂ ಒಗೆಯಲಿ ಎಂದು ಇಬ್ಬರು ತಾಯಂದಿರು ಬಂದು ಮಕ್ಕಳನ್ನು ಕರೆದೊಯ್ದರು. ಉಳಿದವರು ಮೊದಲು ಕಿಸಿಕಿಸಿ ನಕ್ಕು, ಹತ್ತು ನಿಮಿಷದಲ್ಲಿ ಸತ್ತಂತೆ ನಿದ್ದೆ ಹೋದರು.

ಹನ್ನೊಂದರ ಹೊತ್ತಿಗೆ ಗೇಟು ಸದ್ದಾಯಿತು. ಅಭಿನಯಾ. ಎಡಗಾಲನ್ನು ಸ್ವಲ್ಪ ಎಳೆಯುತ್ತ ಮೈದಾನ ದಾಟಿ ಬಂದಳು. ಟೀಚರ್ ಸರಿದು ಜಾಗ ಬಿಟ್ಟರು. ಅವಳು ಸಾಲಿನ ಕೊನೆಯ ಚಾಪೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಟೀಚರ್ ಅವಳ ಕಾಲ ಬಳಿ ಕುಳಿತರು. ಮುಟ್ಟಲು ಕೈ ಚಾಚಿ, ಎಚ್ಚರವಾದೀತೆಂದು ಹಿಂದಕ್ಕೆ ತೆಗೆದುಕೊಂಡರು.

ನಾಲ್ಕು ಗಂಟೆಗೆ ದೂರದಲ್ಲಿ ಒಂದು ಮಗ್ಗ ಬಡಿಯತೊಡಗಿತು, ಆಮೇಲೆ ಇನ್ನೊಂದು. ಎಲ್ಲರಿಗಿಂತ ಮೊದಲು ಎದ್ದವಳು ಅಭಿನಯಾ. ಜಡೆ ಕಟ್ಟಿಕೊಂಡು, ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಬಂದ ದಾರಿಯಲ್ಲೇ ಹೊರಟಳು. ವರಾಂಡದಿಂದ ನೆಲಕ್ಕೆ ಮೂರು ಮೆಟ್ಟಿಲು. ಬಲಗಾಲು ಮೊದಲು, ಎಡಗಾಲು ಆಮೇಲೆ. ಟೀಚರ್ ಕಣ್ಣು ಮುಚ್ಚಿ ಆ ಹೆಜ್ಜೆಯ ಸದ್ದು ಕೇಳಿಸಿಕೊಳ್ಳಲು ನೋಡಿದರು. ಅಷ್ಟರಲ್ಲಿ ಮಗ್ಗಗಳೆಲ್ಲ ಶುರುವಾಗಿದ್ದವು.